ಮೊಡವೆಗೆ ಡಾಕ್ಟರ್ ಬರೆದುಕೊಟ್ಟ ರೆಟಿನಾಯ್ಡ್ ಕ್ರೀಮ್: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಮೊಡವೆ ಶುರುವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಹತೋಟಿಗೆ ಬಂದಿದ್ದು ಇಪ್ಪತ್ತೆಂಟು ದಾಟಿದ ಮೇಲೆ. ನಡುವಿನ ವರ್ಷಗಳಲ್ಲಿ ಯಾರು ಏನು ಹೇಳಿದರೂ ಹಚ್ಚಿದೆ. ಕೊನೆಗೆ ಕೆಲಸ ಮಾಡಿದ್ದು ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರ್ ಬರೆದುಕೊಟ್ಟ 20 ಗ್ರಾಂನ ಒಂದು ಚಿಕ್ಕ ಟ್ಯೂಬ್. ಅದನ್ನು ಸರಿಯಾಗಿ ಹಚ್ಚುವುದನ್ನು ಕಲಿಯುವುದಕ್ಕೇ ನನಗೆ ನಾಲ್ಕು ತಿಂಗಳು ಬೇಕಾಯಿತು.

ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮುಖ ತಿಳಿಯಾದ ಮೇಲೆ ಸಹೋದ್ಯೋಗಿಗಳು, ತಂಗಿಯ ಗೆಳತಿಯರು, ಅಕ್ಕಪಕ್ಕದ ಮನೆಯ ತಾಯಂದಿರು ಒಬ್ಬೊಬ್ಬರಾಗಿ ಕೇಳತೊಡಗಿದರು. ಅವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಎಷ್ಟು ಶಕ್ತಿಯ ಕ್ರೀಮ್, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಅವರು ಐದು ನಿಮಿಷದಲ್ಲಿ ಹೇಳಿ ಮುಗಿಸುವುದರ ಉಳಿದ ಭಾಗವನ್ನು ನಾನು ಹೇಳುತ್ತೇನೆ.

ರೆಟಿನಾಯ್ಡ್ ಅಂದ್ರೆ ಏನು? ಮೊಡವೆಗೆ ಅದು ಏನು ಮಾಡುತ್ತದೆ?

ವಿಟಮಿನ್ ಎ ಇದೆಯಲ್ಲ, ಅದರ ಬಳಗದ ಔಷಧಿಗಳಿಗೆ ರೆಟಿನಾಯ್ಡ್ ಅನ್ನುತ್ತಾರೆ. ನಮ್ಮ ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ಸಣ್ಣ ರಂಧ್ರಗಳಿವೆ. ಎಣ್ಣೆ ಹೊರಗೆ ಬರುವುದೂ ಅಲ್ಲಿಂದಲೇ. ಒಳಗೋಡೆಯ ಸತ್ತ ಕಣಗಳು ಉದುರಿ ಹೊರಬೀಳಬೇಕು. ಮೊಡವೆ ಬರುವವರಲ್ಲಿ ಅವು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯ ಹಾಗೆ ಕೂತುಬಿಡುತ್ತವೆ. ಹಿಂದೆ ಎಣ್ಣೆ ನಿಲ್ಲುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಊದಿಕೊಳ್ಳುತ್ತದೆ. ನಮಗೆ ಕಾಣುವ ಕೆಂಪು ಮೊಡವೆ ಈ ಸಾಲಿನ ಕೊನೆಯ ಹಂತ.

ರೆಟಿನಾಯ್ಡ್ ಕೆಲಸ ಮಾಡುವುದು ಮೊದಲ ಹಂತದಲ್ಲೇ. ಬಿರಡೆ ಕಟ್ಟುವುದನ್ನೇ ತಡೆಯುತ್ತದೆ. ಜೊತೆಗೆ ಊತವನ್ನೂ ಒಂದಷ್ಟು ಇಳಿಸುತ್ತದೆ. ಅಂದರೆ ಇದು ಇವತ್ತಿನ ಮೊಡವೆಗೆ ಹಚ್ಚುವ ಮದ್ದಲ್ಲ, ಮುಂದಿನ ತಿಂಗಳು ಬರಬೇಕಾಗಿದ್ದ ಮೊಡವೆಗೆ ಹಚ್ಚುವ ಮದ್ದು. ಇದೊಂದು ತಲೆಗೆ ಹೋದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ.

ಅಡಾಪಲೀನ್, ಟ್ರೆಟಿನಾಯಿನ್ ಎರಡೂ ಒಂದೇನಾ?

ಒಂದೇ ಬಳಗ, ಆದರೆ ಬೇರೆ ಬೇರೆ ಔಷಧಿ. ಟ್ರೆಟಿನಾಯಿನ್ ಹಳೆಯದು. ಶೇ 0.025, ಶೇ 0.05, ಶೇ 0.1 ಹೀಗೆ ಸಿಗುತ್ತದೆ. ಅಡಾಪಲೀನ್ ಆಮೇಲೆ ಬಂದಿದ್ದು, ಹೆಚ್ಚಾಗಿ ಶೇ 0.1ರ ಜೆಲ್. ಅಡಾಪಲೀನ್‌ಗೆ ಉರಿ ಸಾಮಾನ್ಯವಾಗಿ ಕಡಿಮೆ, ಬೆಳಕಿಗೂ ಬೇಗ ಕೆಡುವುದಿಲ್ಲ. ಟಜರೋಟೀನ್ ಅಂತ ಇನ್ನೊಂದಿದೆ, ಅದು ಜಾಸ್ತಿ ಖಾರ.

ನನಗೆ ಮೊದಲು ಕೊಟ್ಟಿದ್ದು ಅಡಾಪಲೀನ್. ಒಂದು ವರ್ಷದ ನಂತರ ಕಲೆಗಳಿಗೂ ಸಹಾಯ ಆಗಲಿ ಎಂದು ಟ್ರೆಟಿನಾಯಿನ್ ಶೇ 0.025ಕ್ಕೆ ಬದಲಾಯಿಸಿದರು. ಎರಡರಲ್ಲಿ ಯಾವುದು ಮೇಲು ಎಂದು ಜನ ವಾದ ಮಾಡುತ್ತಾರೆ. ನನ್ನ ಅನುಭವದಲ್ಲಿ ನಿಮ್ಮ ಮುಖ ತಡೆದುಕೊಂಡು ಆರು ತಿಂಗಳು ಬಿಡದೆ ಹಚ್ಚಿಸಿಕೊಳ್ಳುವುದು ಯಾವುದೋ ಅದೇ ಮೇಲು.

ಅಂಗಡಿಯಲ್ಲಿ ಸಿಗುವ ರೆಟಿನಾಲ್ ಸೀರಮ್ ಬೇರೆ. ಅದು ಚರ್ಮದೊಳಗೆ ಹೋಗಿ ಎರಡು ಹಂತ ಬದಲಾದ ಮೇಲೆ ಟ್ರೆಟಿನಾಯಿನ್ ಆಗಬೇಕು. ಶಕ್ತಿ ತುಂಬಾ ಕಡಿಮೆ. ಡಾಕ್ಟರ್ ಬರೆದ ಕ್ರೀಮಿನ ಬದಲಿಗೆ ಅದನ್ನು ಹಚ್ಚಿ ಕೆಲಸ ಆಗಲಿಲ್ಲ ಎಂದರೆ ಆಗುವುದಿಲ್ಲ.

ಎಷ್ಟು ಹಚ್ಚಬೇಕು? ‘ಬಟಾಣಿ ಗಾತ್ರ’ ಅಂತಾರೆ, ಅಷ್ಟು ಮುಖಕ್ಕೆಲ್ಲ ಸಾಕಾಗುತ್ತಾ?

ಸಾಕು. ಆದರೆ ಯಾವ ಬಟಾಣಿ ಅನ್ನುವುದೇ ಇಲ್ಲಿ ಮುಖ್ಯ. ನಾವು ಪಲ್ಯಕ್ಕೆ ನೆನೆಹಾಕಿದ ಬಟಾಣಿ ಉಬ್ಬಿ ಎರಡರಷ್ಟಾಗಿರುತ್ತದೆ. ಮೊದಲ ವಾರ ನಾನು ಹಚ್ಚಿದ್ದು ಅಷ್ಟು. ಡಾಕ್ಟರ್ ನನ್ನ ಕೈಯಿಂದಲೇ ಟ್ಯೂಬ್ ಒತ್ತಿಸಿ ನೋಡಿ, ‘ಇದು ಮೂರು ದಿನದ್ದಮ್ಮ’ ಎಂದರು. ಡಬ್ಬಿಯಲ್ಲಿರುವ ಒಣ ಬಟಾಣಿ ಕಾಳಿನಷ್ಟು ತೆಗೆದುಕೊಳ್ಳಿ. ಮುಖಕ್ಕೆ ಹರಡಿದಾಗ ಏನೂ ಹಚ್ಚಿಲ್ಲವೇನೋ ಅನ್ನಿಸಬೇಕು. ಬಿಳಿ ಕಂಡರೆ ಜಾಸ್ತಿ ಆಯಿತು ಅಂತಲೇ ಅರ್ಥ.

ನಾನು ಮಾಡುವುದು ಹೀಗೆ. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸುತ್ತೇನೆ. ಇಪ್ಪತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಒದ್ದೆ ಚರ್ಮಕ್ಕೆ ಹಚ್ಚಿದರೆ ಔಷಧಿ ಜಾಸ್ತಿ ಒಳಗೆ ಇಳಿದು ಉರಿಯುತ್ತದೆ. ಆಮೇಲೆ ಮೂಗಿನ ಪಕ್ಕದ ಮಡಿಕೆ, ತುಟಿಯ ಎರಡು ಮೂಲೆ, ಕಣ್ಣಿನ ಮೂಲೆಗೆ ಚೂರು ವ್ಯಾಸಲೀನ್ ಸವರುತ್ತೇನೆ. ಕ್ರೀಮ್ ಹರಿದು ಹೋಗಿ ನಿಲ್ಲುವುದು ಆ ಜಾಗಗಳಲ್ಲೇ, ಮೊದಲು ಸುಲಿಯುವುದೂ ಅವೇ. ನಂತರ ಹಣೆಗೆ ಒಂದು ಚುಕ್ಕೆ, ಎರಡು ಕೆನ್ನೆಗೆ ಒಂದೊಂದು, ಗಲ್ಲಕ್ಕೆ ಒಂದು. ಹಗುರವಾಗಿ ಹರಡುವುದು. ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಕೈ ತೊಳೆದುಕೊಂಡು ಮಲಗುವುದು.

ಮೊಡವೆ ಇರುವ ಜಾಗಕ್ಕೆ ಮಾತ್ರ ಇಟ್ಟರೆ ಸಾಲದಾ?

ಸಾಲದು. ಮೊಡವೆ ಬರುವ ಜಾಗಕ್ಕೆಲ್ಲ ಹಚ್ಚಬೇಕು. ಕಣ್ಣಿಗೆ ಕಾಣದ ಬಿರಡೆಗಳು ಸುತ್ತಲೂ ತಯಾರಾಗುತ್ತಿರುತ್ತವೆ. ಒಂದೇ ಮೊಡವೆಯ ಮೇಲೆ ದಪ್ಪಗೆ ಇಟ್ಟರೆ ಅದು ಬೇಗ ಒಣಗುವುದಿಲ್ಲ, ಅದರ ಸುತ್ತ ಒಂದು ರೂಪಾಯಿಯಗಲ ಚರ್ಮ ಸುಟ್ಟ ಹಾಗೆ ಆಗುತ್ತದೆ, ಅಷ್ಟೇ.

ಎರಡನೇ ವಾರಕ್ಕೇ ಸಿಪ್ಪೆ ಏಳುತ್ತಿದೆ, ನೀರು ಬಿದ್ದರೂ ಉರಿ. ನನಗೆ ಆಗಿಬರಲ್ಲ ಅಂತ ಬಿಟ್ಟುಬಿಡಲಾ?

ಹೆಚ್ಚಿನವರು ಬಿಡುವುದು ಇಲ್ಲೇ. ಬಿಟ್ಟವರಲ್ಲಿ ಎಷ್ಟೋ ಜನಕ್ಕೆ ಈ ಔಷಧಿ ಆಗಿಬರುತ್ತಿತ್ತು. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲ ಎರಡರಿಂದ ನಾಲ್ಕು ವಾರ ಚರ್ಮ ಒಣಗುವುದು, ಬಿಗಿಯುವುದು, ಸಣ್ಣಗೆ ಸಿಪ್ಪೆ ಏಳುವುದು, ಕೆಂಪಗಾಗುವುದು ಎಲ್ಲ ಇದ್ದದ್ದೇ. ನನಗೆ ಹನ್ನೊಂದನೇ ದಿನ ಬಾಯಿಯ ಸುತ್ತ ಹಪ್ಪಳದ ಚೂರಿನಂತೆ ಎದ್ದಿತ್ತು. ಸಾರು ಕುಡಿಯುವಾಗ ತುಟಿಯ ಮೂಲೆ ಸೀಳಿ ಖಾರ ಹತ್ತಿತು. ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ಎದುರು ನಿಂತ ಪ್ರತಿಯೊಬ್ಬರೂ ನನ್ನ ಗಲ್ಲವನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಟ್ಯೂಬ್ ಕಸದ ಬುಟ್ಟಿಗೆ ಹಾಕಿ, ಮತ್ತೆ ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ.

ಅವರು ಕ್ರೀಮ್ ಬದಲಾಯಿಸಲಿಲ್ಲ, ಲೆಕ್ಕ ಬದಲಾಯಿಸಿದರು. ಐದು ದಿನ ಪೂರ್ತಿ ನಿಲ್ಲಿಸಿ ಬರೀ ಮಾಯಿಶ್ಚರೈಸರ್. ಆಮೇಲೆ ವಾರಕ್ಕೆ ಎರಡೇ ರಾತ್ರಿ, ಸೋಮವಾರ ಮತ್ತು ಗುರುವಾರ. ಎರಡು ವಾರ ಸುಮ್ಮನಿದ್ದರೆ ಮೂರು ರಾತ್ರಿ. ಆಮೇಲೆ ದಿನ ಬಿಟ್ಟು ದಿನ. ಮೊದಲು ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಕ್ರೀಮ್, ಮತ್ತೆ ಮಾಯಿಶ್ಚರೈಸರ್ ಹಚ್ಚುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ತುಂಬಾ ಸೂಕ್ಷ್ಮ ಚರ್ಮದವರಿಗೆ ಅರ್ಧ ಗಂಟೆ ಹಚ್ಚಿ ತೊಳೆಯಿರಿ ಎನ್ನುವ ಡಾಕ್ಟರುಗಳೂ ಇದ್ದಾರೆ. ನನ್ನ ಮುಖ ದಿನಾ ರಾತ್ರಿಯ ಲೆಕ್ಕಕ್ಕೆ ಬರಲು ಹದಿನಾಲ್ಕು ವಾರ ಹಿಡಿಯಿತು. ಅದರಿಂದ ಏನೂ ನಷ್ಟವಾಗಲಿಲ್ಲ.

ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಇನ್ನೊಂದು ಕಾರಣಕ್ಕೂ ನಿಧಾನವೇ ಸರಿ. ನಮ್ಮಲ್ಲಿ ಎಲ್ಲೇ ಉರಿ, ಊತ ಆದರೂ ಅದು ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಕಲೆ ಹೋಗಲಿ ಎಂದು ಹಚ್ಚುವ ಕ್ರೀಮೇ ಸುಟ್ಟು ಹೊಸ ಕಲೆ ಮಾಡಿದರೆ ಏನು ಬಂತು? ಉರಿದರೇನೇ ಕೆಲಸ ಮಾಡುತ್ತಿದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ.

ಬರೀ ಸಿಪ್ಪೆಯಲ್ಲ, ಮುಖ ಊದಿದೆ, ನೀರುಗುಳ್ಳೆ ಎದ್ದಿದೆ, ಕಣ್ಣಿನ ರೆಪ್ಪೆ ದಪ್ಪಗಾಗಿದೆ ಅಂದರೆ ಅದು ಬೇರೆ ಮಾತು. ಅಂಥಾಗ ಹಚ್ಚುವುದನ್ನು ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಹಚ್ಚಲು ಶುರು ಮಾಡಿದ ಮೇಲೆ ಮೊಡವೆ ಜಾಸ್ತಿನೇ ಆಯ್ತು. ಇದು ಸರಿನಾ?

ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ. ಒಳಗೆ ಅರ್ಧ ತಯಾರಾಗಿದ್ದ ಬಿರಡೆಗಳು ಬೇಗ ಮೇಲೆ ಬರುತ್ತವೆ. ನನಗೆ ಮೂರನೇ ವಾರದಿಂದ ಆರನೇ ವಾರದವರೆಗೆ ಹಣೆ ತುಂಬ ಸಣ್ಣ ಬಿಳಿ ಗುಳ್ಳೆಗಳಿದ್ದವು. ಯಾವಾಗಲೂ ಬರುವ ಜಾಗದಲ್ಲೇ ಬಂದರೆ, ಬಂದು ಬೇಗ ಹೋದರೆ, ಕಾಯಿರಿ. ಯಾವತ್ತೂ ಬಾರದ ಜಾಗದಲ್ಲಿ ಬಂದರೆ, ತುರಿಕೆ ಇದ್ದರೆ, ಎರಡು ತಿಂಗಳು ಕಳೆದರೂ ಏರುತ್ತಲೇ ಇದ್ದರೆ ತೋರಿಸಿ. ಹೊಸ ಮಾಯಿಶ್ಚರೈಸರೋ ಸನ್‌ಸ್ಕ್ರೀನೋ ಒಗ್ಗದೆಯೂ ಹಾಗಾಗಬಹುದು.

ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಎಂಟರಿಂದ ಹನ್ನೆರಡು ವಾರ. ಅದಕ್ಕೆ ಮುಂಚೆ ತೀರ್ಮಾನ ಮಾಡಬೇಡಿ. ದಿನಾ ಕನ್ನಡಿಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ಪ್ರತಿ ತಿಂಗಳ ಒಂದನೇ ತಾರೀಖು ಬೆಳಗ್ಗೆ, ಅಡುಗೆಮನೆಯ ಅದೇ ಕಿಟಕಿಯ ಹತ್ತಿರ ನಿಂತು ಎರಡೂ ಕೆನ್ನೆಯ ಫೋಟೋ ತೆಗೆಯುತ್ತಿದ್ದೆ. ಎರಡನೇ ಫೋಟೋ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ನಾಲ್ಕನೆಯದರಲ್ಲಿ ಎಡಗೆನ್ನೆ ಪೂರ್ತಿ ತಿಳಿಯಾಗಿತ್ತು. ಆ ನಾಲ್ಕು ಫೋಟೋ ಇನ್ನೂ ಇಟ್ಟಿದ್ದೇನೆ, ಯಾರಾದರೂ ಬಿಡುತ್ತೇನೆ ಎಂದು ಬಂದರೆ ಅವನ್ನೇ ತೋರಿಸುತ್ತೇನೆ.

ಬೆಳಗ್ಗೆ ಹಚ್ಚಬಹುದಾ? ಬಿಸಿಲಿಗೆ ಹೋದರೆ ಏನಾಗುತ್ತದೆ?

ರಾತ್ರಿಯೇ ಹಚ್ಚಿ. ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ. ಟ್ಯೂಬನ್ನೂ ಕಿಟಕಿಯ ಮೇಲೆ, ಕಾರಿನ ಒಳಗೆ ಬಿಡಬೇಡಿ. ಹಚ್ಚುವ ದಿನಗಳಲ್ಲಿ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ. ಹಾಗಾಗಿ ಬೆಳಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಬೇಕೇ ಬೇಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದರೆ ಎಷ್ಟಾಗುತ್ತದೋ ಅಷ್ಟು, ಮುಖಕ್ಕೂ ಕುತ್ತಿಗೆಗೂ. ಕ್ರೀಮ್ ಕಡಿಮೆ, ಸನ್‌ಸ್ಕ್ರೀನ್ ಜಾಸ್ತಿ. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಓಡಿಸುವವರು ಬರೀ ಸನ್‌ಸ್ಕ್ರೀನ್ ನೆಚ್ಚಿಕೊಳ್ಳಬೇಡಿ. ಹತ್ತಿ ದುಪಟ್ಟಾ ಸುತ್ತಿಕೊಳ್ಳಿ. ಮಂಗಳೂರು, ಉಡುಪಿ ಕಡೆ ಬೆವರಿಗೆ ಕ್ರೀಮ್ ಜಿಡ್ಡೆನಿಸಿದರೆ ಜೆಲ್ ರೂಪದ ಸನ್‌ಸ್ಕ್ರೀನ್ ಕೇಳಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೇ ಇಲ್ಲವಲ್ಲ ಅಂತ ನಾನೂ ಬಿಟ್ಟಿದ್ದೆ. ಮೋಡದ ಮೂಲಕವೂ ಅತಿನೇರಳೆ ಕಿರಣ ಬರುತ್ತದೆ. ಆ ಜುಲೈನಲ್ಲಿ ನನ್ನ ಕಲೆಗಳು ಒಂದು ಚೂರೂ ತಿಳಿಯಾಗಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಒಂದು ಕ್ರೀಮ್ ಕೊಡ್ತಾರೆ. ಒಂದೇ ವಾರಕ್ಕೆ ಮುಖ ಬೆಳ್ಳಗೆ ನುಣ್ಣಗೆ ಆಗುತ್ತದೆ. ಅದನ್ನೇ ಹಚ್ಚಬಹುದಲ್ಲ?

ಬೇಡ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಮೂರು ಹೆಸರು ಇದ್ದರೆ ಅದು ಭಂಗಿನ ಕಲೆಗೆ ಡಾಕ್ಟರ್ ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಮಿಶ್ರಣ. ಅದರಲ್ಲಿರುವ ಮೊಮೆಟಾಸೋನ್ ಒಂದು ಸ್ಟಿರಾಯ್ಡ್, ಅಂದರೆ ಊತ, ಕೆಂಪನ್ನು ಬೇಗ ಅಡಗಿಸುವ ಔಷಧಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲುಯೋಸಿನೋಲೋನ್ ಇವೂ ಸ್ಟಿರಾಯ್ಡ್‌ಗಳೇ. ಟ್ರೆಟಿನಾಯಿನ್ ಅನ್ನುವ ಹೆಸರು ಇದರಲ್ಲೂ ಇದೆಯಲ್ಲ, ಹಾಗಾದರೆ ಒಂದೇ ತಾನೇ ಎಂದು ಕೇಳುತ್ತಾರೆ. ಒಂದೇ ಅಲ್ಲ.

ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಚ್ಚಿದ್ದು ಇಂಥದ್ದೇ. ಪರಿಚಯದವರೊಬ್ಬರು ಹೇಳಿದರು, ಅಂಗಡಿಯವರು ಏನೂ ಕೇಳದೆ ಕೊಟ್ಟರು. ಎರಡು ತಿಂಗಳು ಮುಖ ಹೊಳೆಯಿತು. ಮನೆಯಲ್ಲೆಲ್ಲ ಖುಷಿ, ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಕೂಡ ತೆಗೆಸಿದರು. ಮೂರನೇ ತಿಂಗಳು ಟ್ಯೂಬ್ ಮುಗಿದು ನಾಲ್ಕು ದಿನ ಹಚ್ಚಲಿಲ್ಲ. ಐದನೇ ದಿನ ಬೆಳಗ್ಗೆ ಮುಖ ಕಾದ ಹಂಚಿನ ಹಾಗೆ ಬಿಸಿ. ಕೆನ್ನೆ ತುಂಬ ಒಂದೇ ಅಳತೆಯ ಕೆಂಪು ಗುಳ್ಳೆಗಳು, ರಾಗಿ ಕಾಳು ಚೆಲ್ಲಿದ ಹಾಗೆ. ಮತ್ತೆ ಹಚ್ಚಿದರೆ ಮಾತ್ರ ಸಮಾಧಾನ. ಹೀಗೆ ಬಿಡಲಾರದೆ ಒಂದೂವರೆ ವರ್ಷ ಹಚ್ಚಿದೆ. ಕೆನ್ನೆಯ ಮೇಲೆ ನವಿರು ಕೂದಲು ಬಂತು, ಸಣ್ಣ ಕೆಂಪು ನರಗಳು ಕಾಣತೊಡಗಿದವು. ಬಿಡಿಸಿಕೊಳ್ಳಲು ಡಾಕ್ಟರ ಹತ್ತಿರ ಎಂಟು ತಿಂಗಳು ಓಡಾಡಿದೆ.

ಇದು ನನ್ನೊಬ್ಬಳ ಕಥೆ ಅಲ್ಲ. ದೇಶದ ತುಂಬ ಇದೇ ಆಗುತ್ತಿರುವುದನ್ನು ನೋಡಿ ಚರ್ಮ ವೈದ್ಯರ ಸಂಘ ಐಎಡಿವಿಎಲ್ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದರೆ ಕೊಡುವ ಅಂಗಡಿಗಳು ಇನ್ನೂ ಇವೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಟ್ಯೂಬ್ ತೆಗೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ಇಳಿಸಬೇಕು ಎಂದು ಅವರು ಹೇಳುತ್ತಾರೆ. ನಾಚಿಕೆ ಪಡಬೇಡಿ. ತಪ್ಪು ನಿಮ್ಮದಲ್ಲ.

ಬೆನ್ಜಾಯ್ಲ್ ಪೆರಾಕ್ಸೈಡ್, ಕ್ಲಿಂಡಾಮೈಸಿನ್ ಕೂಡ ಬರೆದಿದ್ದಾರೆ. ಎಲ್ಲ ಒಟ್ಟಿಗೆ ಹಚ್ಚಲಾ?

ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಬೆನ್ಜಾಯ್ಲ್ ಪೆರಾಕ್ಸೈಡ್ ಜೊತೆ ಸೇರಿದರೆ ಸಾಧಾರಣ ಟ್ರೆಟಿನಾಯಿನ್ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಒಂದು ಬೆಳಗ್ಗೆ, ಇನ್ನೊಂದು ರಾತ್ರಿ. ಅಡಾಪಲೀನ್‌ಗೆ ಆ ತೊಂದರೆ ಇಲ್ಲ, ಎರಡೂ ಬೆರೆತ ಜೆಲ್ಲೇ ಸಿಗುತ್ತದೆ. ಕ್ಲಿಂಡಾಮೈಸಿನ್ ಆ್ಯಂಟಿಬಯಾಟಿಕ್. ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತದೆ. ಮೊಡವೆ ಹೋಯಿತು ಎಂದು ರೆಟಿನಾಯ್ಡ್ ಬಿಟ್ಟು ಅದನ್ನು ಇಟ್ಟುಕೊಳ್ಳುವವರಿದ್ದಾರೆ. ಮಾಡಬೇಕಾದ್ದು ಅದರ ಉಲ್ಟಾ.

ಬೆನ್ಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ನನ್ನ ನೀಲಿ ದಿಂಬಿನ ಕವರಿನ ಮೇಲೆ ಕೆನ್ನೆಯ ಆಕಾರದಲ್ಲೇ ಕಿತ್ತಳೆ ಕಲೆ ಆಗಿದೆ. ಬಿಳಿ ಟವೆಲ್, ಬಿಳಿ ಕವರ್ ಇಟ್ಟುಕೊಳ್ಳಿ.

ಸ್ಕ್ರಬ್, ಗ್ಲೈಕಾಲಿಕ್ ಆ್ಯಸಿಡ್, ಪೀಲ್ ಇವನ್ನೆಲ್ಲ ಮೊದಲ ಮೂರು ತಿಂಗಳು ದೂರ ಇಡಿ.

ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಬಹುದಾ? ಮದುವೆ ಇದೆ, ಅರಿಶಿನ ಶಾಸ್ತ್ರ ಇದೆ.

ಮುಖಕ್ಕೆ ವ್ಯಾಕ್ಸಿಂಗ್ ಬೇಡವೇ ಬೇಡ. ಮೇಣದ ಜೊತೆ ಚರ್ಮವೂ ಕಿತ್ತು ಬರುತ್ತದೆ. ಚಿಕ್ಕಮ್ಮನ ಮಗಳಿಗೆ ಹಾಗಾಗಿ ತುಟಿಯ ಮೇಲೆ ಮೀಸೆಯ ಆಕಾರದಲ್ಲೇ ಕಪ್ಪು ಕಲೆ ನಿಂತು, ಹೋಗಲು ಐದು ತಿಂಗಳು ಬೇಕಾಯಿತು. ಥ್ರೆಡಿಂಗ್ ಮಾಡಿಸಲೇಬೇಕಿದ್ದರೆ ಒಂದು ವಾರ ಮುಂಚೆ ಕ್ರೀಮ್ ನಿಲ್ಲಿಸಿ, ಮುಗಿದು ಕೆಂಪು ಹೋದ ಮೇಲೆ ಶುರು ಮಾಡಿ. ಪಾರ್ಲರಿನವರಿಗೆ ಮೊದಲೇ ಹೇಳಿ. ಬ್ಲೀಚ್ ಕೂಡ ಬೇಡ.

ಅರಿಶಿನ ಶಾಸ್ತ್ರದಲ್ಲಿ ತೊಂದರೆ ಅರಿಶಿನಕ್ಕಿಂತ ಉಜ್ಜುವ ಕೈಗಳದ್ದು. ಪ್ರೀತಿಯಿಂದಲೇ ಹತ್ತು ಜನ ಕೆನ್ನೆ ತಿಕ್ಕುತ್ತಾರೆ, ಆಮೇಲೆ ಕಡಲೆಹಿಟ್ಟು ಹಾಕಿ ತೆಗೆಯುತ್ತಾರೆ. ಮದುವೆಗೆ ಒಂದು ವಾರ ಮೊದಲೇ ಕ್ರೀಮ್ ನಿಲ್ಲಿಸಿ. ಮುಖಕ್ಕೆ ಒಂದು ಬೊಟ್ಟು ಇಡಿ, ಕೈಕಾಲಿಗೆ ಎಷ್ಟಾದರೂ ಹಚ್ಚಿ ಎಂದು ಸೋದರತ್ತೆಗೆ ಮೊದಲೇ ಹೇಳಿಬಿಡಿ. ಇನ್ನೊಂದು ಮಾತು. ಮದುವೆಗೆ ಇನ್ನು ತಿಂಗಳಿದೆ ಅನ್ನುವಾಗ ರೆಟಿನಾಯ್ಡ್ ಶುರು ಮಾಡಬೇಡಿ. ಸರಿಯಾಗಿ ಸಿಪ್ಪೆ ಏಳುವ ಹೊತ್ತಿಗೆ ಧಾರೆ ಮುಹೂರ್ತ ಬರುತ್ತದೆ. ಆರು ತಿಂಗಳು ಮುಂಚೆ ಶುರು ಮಾಡಿದರೆ ಸರಿಹೋಗುತ್ತದೆ.

ದಿನಾ ಶೇವ್ ಮಾಡುವವರು?

ಬೆಳಗ್ಗೆ ಶೇವ್ ಮಾಡಿ, ರಾತ್ರಿ ಹಚ್ಚಿ. ಮೊದಲ ತಿಂಗಳು ದಿನ ಬಿಟ್ಟು ದಿನ ಶೇವ್ ಸಾಕು. ಸಲೂನಿನಲ್ಲಿ ಪಟಿಕದ ಕಲ್ಲು ತಿಕ್ಕುವುದು, ಸ್ಪಿರಿಟ್ ವಾಸನೆಯ ಆಫ್ಟರ್‌ಶೇವ್ ಎರಡನ್ನೂ ಬೇಡ ಅನ್ನಿ.

ಗರ್ಭಿಣಿಯರು ಹಚ್ಚಬಹುದಾ?

ಬೇಡ. ಮಗುವಿಗೆ ಪ್ರಯತ್ನ ಮಾಡುತ್ತಿದ್ದರೂ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಹಚ್ಚುವ ಕ್ರೀಮ್ ರಕ್ತಕ್ಕೆ ಸೇರುವುದು ತುಂಬ ಕಡಿಮೆ. ಹಾಗಾಗಿ ಗೊತ್ತಿಲ್ಲದೆ ಹಚ್ಚಿದ್ದರೆ ಗಾಬರಿ ಬೇಡ, ನಿಲ್ಲಿಸಿ ಮಾತಾಡಿ. ಆದರೆ ಗೊತ್ತಿದ್ದೂ ಹಚ್ಚುವುದು ಬೇಡ. ಹಾಲುಣಿಸುವವರೂ ಕೇಳಿಯೇ ಹಚ್ಚಬೇಕು. ಗರ್ಭಿಣಿಯರಿಗೆ ಆಗುವ ಅಜೆಲಾಯಿಕ್ ಆ್ಯಸಿಡ್‌ನಂಥ ಬೇರೆ ಮದ್ದುಗಳಿವೆ.

ಮಾತ್ರೆಯೂ ಇದೆಯಂತೆ?

ಐಸೊಟ್ರೆಟಿನಾಯಿನ್. ಇದೂ ರೆಟಿನಾಯ್ಡೇ, ಆದರೆ ಪೂರ್ತಿ ಬೇರೆ ಲೆಕ್ಕ. ಗಂಟು ಗಂಟಾಗಿ ಗುಂಡಿ ಬೀಳುವ ಮೊಡವೆಗೆ ಕೊಡುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ. ಮಾತ್ರೆ ನಡೆಯುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ಗರ್ಭ ನಿಲ್ಲಬಾರದು, ರಕ್ತದಾನವನ್ನೂ ಮಾಡಬಾರದು. ರಕ್ತ ಪರೀಕ್ಷೆ ಮಾಡಿಸುತ್ತಾ ಡಾಕ್ಟರ ಕಣ್ಣೆದುರಿಗೇ ತೆಗೆದುಕೊಳ್ಳಬೇಕಾದ ಮಾತ್ರೆ ಇದು. ಗೆಳತಿ ಉಳಿಸಿದ ಸ್ಟ್ರಿಪ್ ಯಾವತ್ತೂ ನುಂಗಬೇಡಿ.

ಅಮ್ಮ ತಲೆಗೆ ಎಣ್ಣೆ ಹಚ್ಚು, ಮುಖಕ್ಕೆ ನಿಂಬೆ ರಸ ಹಚ್ಚು ಅಂತಾರೆ. ಜೊತೆಗೆ ಮಾಡಬಹುದಾ?

ನಿಂಬೆ ರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ. ರೆಟಿನಾಯ್ಡ್ ಹಚ್ಚಿದ ಚರ್ಮಕ್ಕೆ ನಿಂಬೆ ತಾಗಿದರೆ ಸುಡುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಡಬೇಕಿಲ್ಲ. ಆದರೆ ರಾತ್ರಿಯಿಡೀ ಬಿಟ್ಟರೆ ಅದು ಹಣೆಗೆ ಇಳಿಯುತ್ತದೆ, ದಿಂಬಿನಿಂದ ಕೆನ್ನೆಗೆ ಬರುತ್ತದೆ. ಹಣೆಯ ಅಂಚಿನಲ್ಲೇ ಸಾಲಾಗಿ ಸಣ್ಣ ಗುಳ್ಳೆ ಏಳುವವರು ಮೊದಲು ಇದನ್ನು ನೋಡಿ. ದೀಪಾವಳಿಯ ಅಭ್ಯಂಜನದ ದಿನ ನಾನು ಹಣೆಗೆ ಬಟ್ಟೆ ಕಟ್ಟಿಕೊಂಡು ಎಣ್ಣೆ ಹಚ್ಚಿಸಿಕೊಳ್ಳುತ್ತೇನೆ, ಒಂದು ಗಂಟೆಯಲ್ಲಿ ಸೀಗೆಪುಡಿ ಹಾಕಿ ತೊಳೆಯುತ್ತೇನೆ. ಅಮ್ಮನಿಗೂ ಸಮಾಧಾನ, ಹಣೆಗೂ.

ಕಲೆ, ಗುಂಡಿ ಎರಡೂ ಹೋಗುತ್ತಾ?

ಕಪ್ಪು ಕಲೆ ಮಸುಕಾಗುತ್ತದೆ, ತಿಂಗಳುಗಳು ಬೇಕು, ಸನ್‌ಸ್ಕ್ರೀನ್ ಬೇಕು. ಗುಂಡಿ ಬೇರೆ. ಅಲ್ಲಿ ಚರ್ಮದ ಒಳಪದರವೇ ಕುಸಿದಿರುತ್ತದೆ. ಕ್ರೀಮಿನಿಂದ ಅಂಚು ಸ್ವಲ್ಪ ಮೆತ್ತಗಾಗಬಹುದು, ತುಂಬುವುದಿಲ್ಲ. ಅದಕ್ಕೆ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್, ಲೇಸರ್ ಇತ್ಯಾದಿ ಇವೆ. ನನ್ನ ಬಲಗೆನ್ನೆಯಲ್ಲಿ ಏಳು ಗುಂಡಿ ಈಗಲೂ ಇವೆ. ಹೊಸದು ಬಿದ್ದಿಲ್ಲ. ಮೊಡವೆ ಇರುವಾಗಲೇ ಬೇಗ ಚಿಕಿತ್ಸೆ ಮಾಡಿಸಿ ಎಂದು ನಾನು ಗೋಗರೆಯುವುದು ಇದಕ್ಕೇ. ‘ವಯಸ್ಸಿಗೆ ಬರುತ್ತೆ, ಮದುವೆ ಆದರೆ ಹೋಗುತ್ತೆ’ ಎಂದು ಕಾಯುವ ವರ್ಷಗಳಲ್ಲೇ ಗುಂಡಿ ಬೀಳುವುದು.

ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದಂತೆ?

ಸ್ಟಿರಾಯ್ಡ್‌ನಿಂದ ತೆಳ್ಳಗಾಗುತ್ತದೆ. ಎರಡನ್ನೂ ಕಲಸಿಕೊಂಡು ಈ ಮಾತು ಹುಟ್ಟಿದೆ. ರೆಟಿನಾಯ್ಡ್ ಮೇಲಿನ ಸತ್ತ ಪದರವನ್ನು ತೆಳುವಾಗಿಸುತ್ತದೆ, ಕೆಳಗಿನ ಜೀವಂತ ಪದರ ದಪ್ಪವಾಗುತ್ತದೆ, ಒಳಗೆ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಹೆಚ್ಚುತ್ತದೆ. ವಯಸ್ಸಾದವರಿಗೆ ಸುಕ್ಕಿಗೆ ಇದನ್ನೇ ಕೊಡುವುದು ಆ ಕಾರಣಕ್ಕೆ.

ಇದನ್ನು ಕಂಡುಹಿಡಿದವರು ಯಾರು?

ಟ್ರೆಟಿನಾಯಿನನ್ನು ಮೊಡವೆಯ ಮದ್ದಾಗಿ ಮಾಡಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು. 1969ರಲ್ಲಿ ಅವರ ಲೇಖನ ಬಂತು, 1971ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ, 1950ರ ದಶಕದಿಂದ 1974ರವರೆಗೆ, ಕೈದಿಗಳ ಮೇಲೆ ನಾನಾ ಪ್ರಯೋಗ ನಡೆಸಿದವರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ, ಏನು ಹಚ್ಚುತ್ತಿದ್ದಾರೆ ಎಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಫಿಲಡೆಲ್ಫಿಯಾ ನಗರ 2022ರಲ್ಲಿ ಅದಕ್ಕೆ ಕ್ಷಮೆ ಕೇಳಿತು. ಇದನ್ನು ಓದಿದ ರಾತ್ರಿ ನನಗೆ ಟ್ಯೂಬ್ ಹಿಡಿದಾಗ ಕೈ ಭಾರ ಅನ್ನಿಸಿತು. ನಮ್ಮ ಮುಖ ತಿಳಿಯಾಗುವುದರ ಹಿಂದೆ ಯಾರ ಯಾರ ಚರ್ಮ ಇದೆ ಎಂದು ನಾವೂ ತಿಳಿದಿರಬೇಕು ಅಂತಲೇ ಇಲ್ಲಿ ಬರೆದೆ.

ಮೊಡವೆ ಹೋದ ಮೇಲೆ ನಿಲ್ಲಿಸಬಹುದಾ?

ನಾನು ನಿಲ್ಲಿಸಿ ನೋಡಿದೆ. ನಾಲ್ಕನೇ ತಿಂಗಳಿಗೆ ದವಡೆಯ ಹತ್ತಿರ ಮತ್ತೆ ಶುರುವಾಯಿತು. ಬಿರಡೆ ಕಟ್ಟುವ ಸ್ವಭಾವ ಚರ್ಮದ್ದು, ಅದು ಎಲ್ಲೂ ಹೋಗಿರುವುದಿಲ್ಲ. ಈಗ ವಾರಕ್ಕೆ ಮೂರು ರಾತ್ರಿ ಹಚ್ಚುತ್ತೇನೆ. ಒಂದು ಟ್ಯೂಬ್ ಐದಾರು ತಿಂಗಳು ಬರುತ್ತದೆ. ದವಡೆಯ ಸಾಲಿನಲ್ಲೇ ಮತ್ತೆ ಮತ್ತೆ ಬಂದು, ಮುಟ್ಟೂ ತಿಂಗಳು ತಪ್ಪುತ್ತಿದ್ದರೆ ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಇದೆಯಾ ಎಂದು ತೋರಿಸಿ. ಆಗ ಕ್ರೀಮೊಂದೇ ಸಾಲದು.

ಡಾಕ್ಟರ ಹತ್ತಿರ ಮೊದಲ ಸಲ ಹೋಗುತ್ತಿದ್ದೇನೆ. ಏನು ತೆಗೆದುಕೊಂಡು ಹೋಗಲಿ?

ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿ, ಸೋಪಿನ ಕವರ್ ಕೂಡ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಖಾಲಿಯಾಗಿದ್ದರೂ ಪರವಾಗಿಲ್ಲ. ನಾನು ಹೆಸರು ನೆನಪಿಲ್ಲ ಎಂದಾಗ ಡಾಕ್ಟರ್ ಮನೆಗೆ ಫೋನ್ ಮಾಡಿಸಿ ಟ್ಯೂಬಿನ ಹಿಂಭಾಗದ ಫೋಟೋ ತರಿಸಿಕೊಂಡರು. ಅದರಲ್ಲಿ ಸ್ಟಿರಾಯ್ಡ್ ಇದೆ ಎಂದು ಗೊತ್ತಾಗಿದ್ದೇ ಹಾಗೆ. ಮುಟ್ಟಿನ ತಾರೀಖು, ನುಂಗುತ್ತಿರುವ ಮಾತ್ರೆಗಳು, ಮಗುವಿನ ಯೋಚನೆ ಇದೆಯಾ ಎಲ್ಲ ಹೇಳಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ, ಖಾಸಗಿಗೆ ಹೋಗಲಾಗದವರು ಅಲ್ಲಿ ತೋರಿಸಬಹುದು. ಹೋಗುವ ದಿನ ಪೌಡರ್, ಕ್ರೀಮ್ ಏನೂ ಹಾಕಬೇಡಿ. ಬರೀ ಮುಖ ತೊಳೆದುಕೊಂಡು ಹೋಗಿ.